ರಾತ್ರಿ ಬಾನೆಟ್ ತೆರೆದಿಡುವ ಊರು

ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ಊರಿನಲ್ಲಿ ಸಂಜೆ ತಿರುಗಾಡಲು ಹೊರಟರೆ ಅಲ್ಲಲ್ಲಿ ಕಾರುಗಳು ಬಾಯಿ ತೆರೆದುಕೊಂಡು ನಿಂತಿರುತ್ತವೆ. ಬಾನೆಟ್ ಎತ್ತಿಟ್ಟಿರುತ್ತಾರೆ. ಕೆಟ್ಟು ನಿಂತಿವೆ ಅಂದುಕೊಳ್ಳಬೇಡಿ ಮಕ್ಕಳೇ, ಕೆಡದಿರಲಿ ಎಂದೇ ಹಾಗೆ ಇಡುವುದು. ಎಲ್ಲಾ ಒಂದು ಇಲಿಯ ಮಹಿಮೆ!

ಅದರ ಹೆಸರು ಪ್ಯಾಕ್ ರ‍್ಯಾಟ್. ನಮ್ಮ ಹೆಗ್ಗಣದಷ್ಟು ಒರಟಲ್ಲ. ದೊಡ್ಡ ಕಿವಿ, ದೊಡ್ಡ ಕಣ್ಣು, ಬಿಳಿ ಹೊಟ್ಟೆ, ನೋಡಲು ಮುದ್ದಾಗಿಯೇ ಇದೆ. ಮರುಭೂಮಿಯಲ್ಲಿ ಕುಡಿಯಲು ನೀರಿಲ್ಲದಿದ್ದರೂ ಪಾಪಾಸುಕಳ್ಳಿ ತಿಂದು ಅದರ ರಸದಲ್ಲೇ ಬದುಕುತ್ತದೆ. ಕಡ್ಡಿ, ಕಲ್ಲು, ಸಗಣಿ, ಕಳ್ಳಿಯ ಮುಳ್ಳುತುಂಡು ಎಲ್ಲ ಗುಡ್ಡೆ ಹಾಕಿ ಗೂಡು ಕಟ್ಟುತ್ತದೆ. ಹೊಳೆಯುವ ವಸ್ತು ಕಂಡರೆ ಬಿಡುವುದಿಲ್ಲ. ಬಾಯಲ್ಲಿ ಕಡ್ಡಿ ಇದ್ದಾಗ ಚಮಚ ಕಂಡಿತೋ, ಕಡ್ಡಿ ಬಿಟ್ಟು ಚಮಚ ಕಚ್ಚಿಕೊಂಡು ಹೋಗುತ್ತದೆ. ಅದಕ್ಕೇ ವ್ಯಾಪಾರಿ ಇಲಿ ಎಂಬ ಹೆಸರೂ ಇದೆ.

ಗೂಡಿನ ಮೇಲೆ ಅದು ಉಚ್ಚೆ ಹೊಯ್ದು ಹೊಯ್ದು, ಅದು ಒಣಗಿ ಅಂಟಿನಂತೆ ಗಟ್ಟಿಯಾಗುತ್ತದೆ. ಒಣ ಗುಹೆಗಳಲ್ಲಿ 40,000 ವರ್ಷಕ್ಕೂ ಹಳೆಯ ಗೂಡುಗಳು ಸಿಕ್ಕಿವೆ. ಅದರಲ್ಲಿ ಸಿಕ್ಕಿಕೊಂಡ ಎಲೆ, ಬೀಜಗಳನ್ನು ನೋಡಿ ಆಗ ಅಲ್ಲಿ ಯಾವ ಗಿಡಮರ ಇದ್ದವೆಂದು ವಿಜ್ಞಾನಿಗಳು ಹೇಳುತ್ತಾರೆ. 1849ರಲ್ಲಿ ಚಿನ್ನ ಹುಡುಕಿಕೊಂಡು ಕ್ಯಾಲಿಫೋರ್ನಿಯಾದ ಕಡೆ ಹೊರಟ ಹಸಿದ ಜನ ಇಂಥ ಹೊಳೆಯುವ ಉಂಡೆಯನ್ನು ಮಿಠಾಯಿ ಎಂದುಕೊಂಡು ತಿಂದರಂತೆ. ಆಮೇಲೆ ಹೊಟ್ಟೆ ತೊಳಸಿತು. ಥೂ ಎನ್ನಬೇಡಿ, ಹಸಿವು ಏನೆಲ್ಲ ತಿನ್ನಿಸುತ್ತದೆ.

ತಮಾಷೆ ಸಾಕು, ತೊಂದರೆಗೆ ಬರೋಣ. ನಿಂತ ಕಾರಿನ ಎಂಜಿನ್ ಈ ಇಲಿಗೆ ಬೆಚ್ಚನೆಯ, ಕತ್ತಲೆಯ ಸಿದ್ಧ ಮನೆ. ಒಳಗೆ ಕಳ್ಳಿ ತಂದು ತುಂಬುತ್ತದೆ, ವೈರ್ ಕಡಿಯುತ್ತದೆ. ಮಗಳ ಕಾರು ಒಂದು ಬೆಳಿಗ್ಗೆ ಸ್ಟಾರ್ಟೇ ಆಗಲಿಲ್ಲ. ಮನೆಯ ಹಿಂದೆ ಕಳ್ಳಿಯ ಬುಡದಲ್ಲಿ ಸೊಂಟದೆತ್ತರದ ಗೂಡು ಇತ್ತು.

"ಅಜ್ಜಿ, ಬೋನಿನಲ್ಲಿ ಹಿಡಿದು ದೂರ ಬಿಟ್ಟು ಬರೋಣ" ಎಂದ ಮೊಮ್ಮಗ. ನಾವೂ ಊರಿನಲ್ಲಿ ಮಾಡುವುದು ಅದನ್ನೇ ಅಲ್ಲವೇ? ಆದರೆ ಇಲಿ ಹಿಡಿಯಲು ಬಂದವರು ಬೇಡ ಎಂದರು. ಗೂಡಿಲ್ಲದೆ, ದಾರಿ ಗೊತ್ತಿಲ್ಲದೆ ಹೊಸ ಜಾಗದಲ್ಲಿ ಬಿಟ್ಟ ಇಲಿ ಸಾಮಾನ್ಯವಾಗಿ ಉಳಿಯುವುದಿಲ್ಲ. ಬಿಟ್ಟೆವೆಂದು ಸಮಾಧಾನ ನಮಗೆ, ಇಲಿಗೆ ಏನೂ ಇಲ್ಲ. ವಿಷ ಇಟ್ಟರೆ ಆ ಇಲಿ ತಿಂದ ಗೂಬೆ, ಗಿಡುಗಗಳಿಗೂ ಕುತ್ತು. ಕೊನೆಗೆ ಪೀನಟ್ ಬಟರ್ ಸವರಿ ಸ್ಪ್ರಿಂಗಿನ ಬೋನು ಇಟ್ಟರು. ಹುಡುಗ ಅಂದು ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ. "ಅದು ಓಡಿಹೋಯಿತು" ಎಂದು ಸುಳ್ಳು ಹೇಳೋಣವೆಂದು ಮಗಳು ಕೇಳಿದಳು, ನಾನು ಒಪ್ಪಲಿಲ್ಲ. ಹತ್ತು ವರ್ಷದವನಿಗೆ ನಿಜ ತಡೆದುಕೊಳ್ಳುವ ಶಕ್ತಿ ಇರುತ್ತದೆ.

ಇಲಿ ಹೋದ ಮೇಲೆಯೇ ಗೂಡು ಕೆಡವಬೇಕು. ಮೊದಲೇ ಕೆಡವಿದರೆ ಅದು ನೇರ ಮನೆಗೋ ಕಾರಿಗೋ ನುಗ್ಗುತ್ತದೆ. ಕೆಡವದೆ ಬಿಟ್ಟರೆ ಖಾಲಿ ಗೂಡಿಗೆ ಇನ್ನೊಂದು ಇಲಿ ಬಾಡಿಗೆಯಿಲ್ಲದೆ ಬಂದು ಕೂರುತ್ತದೆ! ಗೂಡಿನಲ್ಲಿ ರಕ್ತ ಹೀರುವ ತಿಗಣೆಯಂಥ ಹುಳು, ಒಮ್ಮೊಮ್ಮೆ ಬುಡುಬುಡಿಕೆ ಬಾಲದ ಹಾವೂ ಇರುವುದುಂಟು. ಹಾಗಾಗಿ ಅಳಿಯ ಕೈಗವಸು, ಮಾಸ್ಕ್ ಹಾಕಿಕೊಂಡು, ಔಷಧಿ ನೀರು ಚಿಮುಕಿಸಿ ಉದ್ದ ಹಿಡಿಯ ಸಲಕರಣೆಯಿಂದ ಎಳೆದರು. ಒಣಗಿದ್ದನ್ನು ಗುಡಿಸಿದರೆ ಆ ಧೂಳಿನಿಂದ ರೋಗ ಬರಬಹುದು. ಮೊಮ್ಮಗ ದೂರ ನಿಂತು ಎಣಿಸಿದ: ಬಾಟಲಿ ಮುಚ್ಚಳ ಏಳು, ಚಮಚ ಒಂದು, ಅವನದೇ ಚೆಸ್ಸಿನ ಕುದುರೆ ಒಂದು.

ಆಮೇಲೆ ಮನೆಯ ಸಂದುಗಳಿಗೆ ಕಾಲಿಂಚಿನ ಕಣ್ಣಿನ ತಂತಿ ಜಾಲರಿ ಬಡಿದರು. ಗೋಡೆ ಪಕ್ಕದ ಸೌದೆ ರಾಶಿಯನ್ನು ದೂರ ಸಾಗಿಸಿದರು, ಉದುರಿದ ಕಳ್ಳಿ ತುಂಡುಗಳನ್ನು ಬಳಿದರು. ನುಸಿಗುಳಿಗೆ, ಪುದೀನ ಎಣ್ಣೆ ಎಂದು ಅಕ್ಕಪಕ್ಕದವರು ಹೇಳಿದ್ದನ್ನೆಲ್ಲ ನಂಬಿಕೊಂಡು ಕೂರಲಿಲ್ಲ.

ನಮ್ಮಲ್ಲಿ ಪ್ಯಾಕ್ ರ‍್ಯಾಟ್ ಇಲ್ಲ, ಆದರೆ ಸ್ಕೂಟರಿನ ವೈರ್ ಕಡಿಯುವ ಇಲಿಗಳಿಗೇನೂ ಬರವಿಲ್ಲ. ತೆಂಗಿನ ಸಿಪ್ಪೆಯ ರಾಶಿಯ ಪಕ್ಕದಲ್ಲೇ ಗಾಡಿ ನಿಲ್ಲಿಸಿದ್ದೀರಾ? ಈ ಭಾನುವಾರ ಅಜ್ಜನ ಜೊತೆ ಸೇರಿ ರಾಶಿಯನ್ನು ಬೇರೆ ಕಡೆ ಸಾಗಿಸಿ. ಕೈ ಹಾಕುವ ಮೊದಲು ಕೋಲಿನಿಂದ ಒಮ್ಮೆ ತಟ್ಟಿ ನೋಡಿ.