ಮನಸ್ಸು ಗಟ್ಟಿ ಮಾಡಿಕೊ ಅನ್ನುವ ಮೊದಲು ಅಂಗಡಿ ಎತ್ತಿಸಿ

ಮದ್ಯವರ್ಜನ ಶಿಬಿರದಿಂದ ಬಂದವನು ತಿಂಗಳೊಳಗೆ ಮತ್ತೆ ಕುಡಿದರೆ ಊರೆಲ್ಲ ಆಡುವುದು ಒಂದೇ ಮಾತು: ಅವನಿಗೆ ಮನಸ್ಸು ಗಟ್ಟಿಯಿಲ್ಲ. ಹಳ್ಳಿಯೊಳಗಿನ ಮದ್ಯ ಮಾರಾಟ ನಿಲ್ಲಿಸಿ ಎಂದು ಹೆಂಗಸರು ಅರ್ಜಿ ಹಿಡಿದು ಹೋದಾಗ ಸಿಗುವ ಉತ್ತರವೂ ಅದೇ ಧಾಟಿಯದು: ಅಂಗಡಿ ಇದ್ದರೇನಂತೆ, ಕುಡಿಯುವುದು ಬಿಡುವುದು ಅವರವರ ಕೈಯಲ್ಲಿದೆ. ಈ ಮಾತು ಶುದ್ಧ ಸುಳ್ಳು. ಅಧಿಕಾರದಲ್ಲಿರುವವರು ಇದನ್ನು ಬಿಡದೆ ಆಡುತ್ತಿರುವುದು, ಇದರಿಂದ ಅವರ ಹೊಣೆ ಕಳಚುತ್ತದೆ ಎಂಬ ಕಾರಣಕ್ಕೆ.

ಮಿದುಳಿನಲ್ಲಿ ನಡೆಯುವುದೇನು ನೋಡಿ. 1990ರ ದಶಕದಲ್ಲಿ ನರವಿಜ್ಞಾನಿ ವುಲ್ಫ್ರಾಮ್ ಶುಲ್ಟ್ಸ್ ಕೋತಿಗಳಿಗೆ ಹಣ್ಣಿನ ರಸ ಕೊಟ್ಟು ಡೋಪಮೈನ್ ನರಕೋಶಗಳನ್ನು ಗಮನಿಸಿದರು. ಮೊದಮೊದಲು ರಸ ಬಾಯಿಗೆ ಬಿದ್ದಾಗ ಸಿಡಿಯುತ್ತಿದ್ದ ಕೋಶಗಳು, ರೂಢಿಯಾದ ಮೇಲೆ ರಸಕ್ಕೂ ಮುಂಚೆ ಬರುವ ಸೂಚನೆಗೇ ಸಿಡಿಯತೊಡಗಿದವು. ಚಟವೂ ಇದೇ ದಾರಿಯಲ್ಲಿ ಬೇರೂರುತ್ತದೆ. ಹೆಡತಲೆ ಹಳ್ಳಿಯ ಕೂಲಿಗಾರನೊಬ್ಬ ಬಟವಾಡೆಯ ದಿನ ನಂಜನಗೂಡಿನಿಂದ ಬಂದು ಬಸ್ಸಿಳಿಯುತ್ತಾನೆ ಎನ್ನಿ. ಜೇಬಿನಲ್ಲಿ ದುಡ್ಡು, ಸಂಜೆಯ ಹೊತ್ತು, ಗೂಡಂಗಡಿಯಲ್ಲಿ ಬೀಡಿ ಕಟ್ಟಿನ ಹಿಂದೆ ಇಣುಕುವ 90 ಎಂಎಲ್ ಮದ್ಯದ ಟೆಟ್ರಾ ಪ್ಯಾಕೆಟ್. ಅವನು ಯೋಚಿಸುವ ಮೊದಲೇ ಅವನ ಮಿದುಳು ಹೊರಟಿರುತ್ತದೆ. ಅಮೆರಿಕದ ಸಂಶೋಧಕಿ ಆನಾ ರೋಸ್ ಚೈಲ್ಡ್ರೆಸ್ ತಂಡ 2008ರಲ್ಲಿ ಇದನ್ನೇ ತೋರಿಸಿತು: ಕೊಕೇನ್ ಚಟದವರ ಮುಂದೆ ಸಂಬಂಧಪಟ್ಟ ಚಿತ್ರಗಳು 33 ಮಿಲಿಸೆಕೆಂಡು ಮಾತ್ರ ಮಿಂಚಿ ಮರೆಯಾದವು, ಕಂಡದ್ದೇನೆಂದು ಅವರಿಗೇ ತಿಳಿಯಲಿಲ್ಲ, ಆದರೂ ಮಿದುಳಿನ ಆಸೆಯ ಕೇಂದ್ರಗಳು ಎದ್ದು ಕೂತವು. ಕಂಡದ್ದು ತಿಳಿಯುವ ಮೊದಲೇ ಹುಟ್ಟುವ ಆಸೆಯನ್ನು ಬರೀ ಸಂಕಲ್ಪದಿಂದ ತಡೆ ಎನ್ನುವುದು ಕ್ರೌರ್ಯ.

ಎಂಟು ದಿನದ ಶಿಬಿರ ಏಕೆ ಸೋಲುತ್ತದೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಒಂದು ಜಾಗದಲ್ಲಿ ಮರೆಸಿದ ಕಲಿಕೆ ಅಳಿಯುವುದಿಲ್ಲ, ಹಳೆಯ ಜಾಗಕ್ಕೆ ಮರಳಿದೊಡನೆ ತಲೆ ಎತ್ತುತ್ತದೆ ಎಂಬುದು ಪ್ರಯೋಗಶಾಲೆಗಳಲ್ಲಿ ಮತ್ತೆ ಮತ್ತೆ ಕಂಡ ಸತ್ಯ. ಶಿಬಿರ ನಡೆದ ಕಲ್ಯಾಣ ಮಂಟಪದಲ್ಲಿ ಬಿಟ್ಟ ಕುಡಿತ ಬಸ್‌ಸ್ಟ್ಯಾಂಡಿನಲ್ಲಿ ಕಾದಿರುತ್ತದೆ. ಇದರ ತಿರುವುಮುರುವು ವಿಯೆಟ್ನಾಂ ಯುದ್ಧದ ಅಮೆರಿಕನ್ ಸೈನಿಕರದು. ಅಲ್ಲಿ ಹೆರಾಯಿನ್ ದಾಸರಾಗಿದ್ದವರು ಊರಿಗೆ ಮರಳಿದ ಮೊದಲ ವರ್ಷದಲ್ಲಿ ಮತ್ತೆ ಚಟಕ್ಕೆ ಬಿದ್ದದ್ದು ನೂರಕ್ಕೆ ಸುಮಾರು 5 ಮಂದಿ ಎಂದು ಸಂಶೋಧಕಿ ಲೀ ರಾಬಿನ್ಸ್ ದಾಖಲಿಸಿದರು. ನೂರಕ್ಕೆ ಐದು! ಅವರೆಲ್ಲರ ಮನಸ್ಸು ಒಮ್ಮೆಲೇ ಗಟ್ಟಿಯಾಯಿತೆ? ಇಲ್ಲ, ಅವರ ಸುತ್ತಲಿನ ಊರು ಬದಲಾಯಿತು. ನಮ್ಮವನು ಮಾತ್ರ ಅದೇ ಬೀದಿಗೆ, ಅದೇ ಅಂಗಡಿಯ ಮುಂದಕ್ಕೆ ಮರಳಬೇಕು.

ಸಾರಾಯಿ ನಿಷೇಧಿಸಿ ಏನಾಯಿತು ಎಂದು ಕೇಳುವವರಿದ್ದಾರೆ. 2007ರಲ್ಲಿ ಕರ್ನಾಟಕದಿಂದ ಸಾರಾಯಿ ಹೋಯಿತು. ಬೇರೆ ಮದ್ಯದ ಅಂಗಡಿ, ಹೊತ್ತು, ಪ್ಯಾಕೆಟ್ಟು ಹಾಗೇ ಉಳಿದವು. ನಾನು ಕೇಳುತ್ತಿರುವುದು ಪಾನನಿಷೇಧವನ್ನಲ್ಲ, ಚೇತರಿಸಿಕೊಳ್ಳುತ್ತಿರುವವನ ದಾರಿ ತೆರವು ಮಾಡುವುದನ್ನು. ಕುಡುಕನಿಗೆ ಹೊಣೆಯೇ ಇಲ್ಲವೆ ಎನ್ನುವವರಿಗೂ ಉತ್ತರವಿದೆ: ಬೇರೆ ದಾರಿ ಹಿಡಿ ಎಂದು ಅವನಿಗೆ ಹೇಳಬಹುದು, ಬೇರೆ ದಾರಿ ಉಳಿಸಿದ್ದರೆ. ಆದರೆ 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಗುರಿ ಇಟ್ಟುಕೊಂಡ ಸರ್ಕಾರ, ಎಂಎಸ್‌ಐಎಲ್ ಹೆಸರಿನ ತನ್ನ ಕಂಪನಿಯ ಮೂಲಕ ತಾನೇ ಮದ್ಯ ಮಾರುವ ಸರ್ಕಾರ, ದಾರಿ ಉಳಿಸುತ್ತದೆಯೆ? 2019ರಲ್ಲಿ ಮದ್ಯ ನಿಷೇಧಿಸಿ ಎಂದು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದ ಸಾವಿರಾರು ಹೆಂಗಸರಿಗೆ ನರವಿಜ್ಞಾನ ಓದದೆಯೇ ಇದು ಗೊತ್ತಿತ್ತು. ಅದೇ ವರ್ಷ ಪ್ರಕಟವಾದ ಏಮ್ಸ್‌ನ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯವ್ಯಸನಿಗಳಲ್ಲಿ 38 ಮಂದಿಗೆ ಒಬ್ಬರಿಗಷ್ಟೇ ಚಿಕಿತ್ಸೆ ಸಿಗುತ್ತಿತ್ತು. ಗೂಡಂಗಡಿಗಳ ಅಕ್ರಮ ಮಾರಾಟ ನಿಲ್ಲಬೇಕು, ಮದ್ಯದಂಗಡಿ ಬಸ್‌ಸ್ಟ್ಯಾಂಡಿನಿಂದ ದೂರ ಹೋಗಬೇಕು, ಪರವಾನಗಿಗೆ ಗ್ರಾಮಸಭೆಯ ಒಪ್ಪಿಗೆ ಕಡ್ಡಾಯವಾಗಬೇಕು, ಚಿಕಿತ್ಸೆ ತಾಲ್ಲೂಕು ಆಸ್ಪತ್ರೆಯಲ್ಲೇ ವರ್ಷಗಟ್ಟಲೆ ಸಿಗಬೇಕು. ಇಷ್ಟು ಮಾಡುವವರೆಗೆ ಕುಡುಕನ ಮನೋಬಲದ ಬಗ್ಗೆ ಉಪದೇಶ ಹೇಳುವ ಹಕ್ಕು ಸರ್ಕಾರಕ್ಕಿಲ್ಲ.