ಮುಖ ನೋಡಿ ಮಣೆ, ಗೆಲುವು ನೋಡಿ ಗಲ್ಲು

ಜುಲೈ ತಿಂಗಳು ಬಂದಿತೆಂದರೆ ಕುಮಾರಸ್ವಾಮಿ ಲೇಔಟಿನ ನಮ್ಮ ಬೀದಿಯ ಮೂಲೆಯ ದರ್ಶಿನಿಯಲ್ಲಿ, ಭಾನುವಾರದ ಬೆಳಗ್ಗೆ ಎಂಟು ಗಂಟೆಯ ಹೊತ್ತಿಗೆ, ಒಂದು ಸಭೆ ತಾನಾಗಿಯೇ ಸೇರುತ್ತದೆ. ಕತ್ತಲು ಹರಿಯುವ ಮುನ್ನವೇ ಮನೆ ಬಿಟ್ಟು, ಕನಕಪುರ ರಸ್ತೆ ಹಿಡಿದು ಹಾರೋಹಳ್ಳಿಯವರೆಗೆ ಸೈಕಲ್ ತುಳಿದು ಹಿಂದಿರುಗಿದ ತರುಣರು, ಬೆವರು ಆರುವ ಮೊದಲೇ ಕಾಫಿಯ ಲೋಟವನ್ನು ಕೈಗೆತ್ತಿಕೊಂಡು, ಹಿಂದಿನ ರಾತ್ರಿ ಒಂಬತ್ತು ಗಂಟೆಯವರೆಗೆ ತಾವು ಕಣ್ಣು ಕೀಳದೆ ನೋಡಿದ ಟೂರ್ ಡಿ ಫ್ರಾನ್ಸ್ ಸೈಕಲ್ ಸ್ಪರ್ಧೆಯ ಪರ್ವತಾರೋಹಣವನ್ನು ಕುರಿತು ವಾದಿಸತೊಡಗುತ್ತಾರೆ. ಮಂಡಿಯ ನೋವಿನಿಂದ ಸೈಕಲ್ಲನ್ನು ಬಿಟ್ಟರೂ ಅದರ ಮೋಹವನ್ನು ಬಿಡಲಾರದ ನಾನು ಪಕ್ಕದ ಮೇಜಿನಲ್ಲಿ ಕುಳಿತು ಆ ವಾದವನ್ನು ಹಲವು ವರ್ಷಗಳಿಂದ ಕೇಳುತ್ತಿದ್ದೇನೆ. ಸವಾರರ ಹೆಸರುಗಳು ಬದಲಾಗಿವೆ. ಗೆದ್ದವನು ಉದ್ದೀಪನ ಮದ್ದನ್ನು ಸೇವಿಸಿದ್ದಾನೆಯೇ ಎಂಬ ವಾದದ ಎರಡು ವಾಕ್ಯಗಳು ಮಾತ್ರ ಬದಲಾಗಿಲ್ಲ. ಒಬ್ಬನು ಹೇಳುತ್ತಾನೆ: "ಅವನ ಮುಖ ನೋಡಿದ್ರೆ ಗೊತ್ತಾಗಲ್ವಾ, ಅಂಥವನಲ್ಲ ಅವನು." ಇನ್ನೊಬ್ಬನು ಹೇಳುತ್ತಾನೆ: "ಇಷ್ಟೊಂದು ಗೆಲ್ತಾನೆ ಅಂದ್ಮೇಲೆ ಏನೋ ಇದೆ ಬಿಡು."

ಮೊದಲನೆಯದು ಮುಖ ನೋಡಿ ಮಣೆ ಹಾಕುವ ಮಾತು. ಎರಡನೆಯದು ಗೆಲುವು ನೋಡಿ ಗಲ್ಲಿಗೇರಿಸುವ ಮಾತು. ಮೇಲ್ನೋಟಕ್ಕೆ ಪರಸ್ಪರ ವಿರುದ್ಧವಾಗಿ ತೋರುವ ಇವೆರಡೂ ಪ್ರಮಾಣವಿಲ್ಲದೆ ತೀರ್ಪು ಕೊಡುವ ಒಂದೇ ದುರಭ್ಯಾಸದ ಎರಡು ಕವಲುಗಳೆಂಬುದೂ, ಆ ದುರಭ್ಯಾಸದ ಬೆಲೆಯನ್ನು ಯೂರೋಪಿನ ಸಿರಿವಂತ ಸವಾರನಿಗಿಂತ ಹೆಚ್ಚಾಗಿ ವಿಜಯಪುರ, ಬಾಗಲಕೋಟೆಗಳ ಕ್ರೀಡಾ ವಸತಿನಿಲಯಗಳಲ್ಲಿ ರೊಟ್ಟಿ ತಿಂದು ಸೈಕಲ್ ತುಳಿಯುವ ಬಡ ಹುಡುಗರು ತೆರುತ್ತಾರೆಂಬುದೂ ನನ್ನ ದೃಢವಾದ ನಂಬಿಕೆ. ಆ ನಂಬಿಕೆಯನ್ನು ಸಮರ್ಥಿಸಿಕೊಳ್ಳಲೆಂದೇ ಈ ಲೇಖನವನ್ನು ಬರೆಯುತ್ತಿದ್ದೇನೆ.

ಮೊದಲು, ಮುಖ ನೋಡಿ ಅಳೆಯುವ ಶೀಲದ ಮಾತು. 1998ರ ಜುಲೈ 8ರಂದು ಬೆಲ್ಜಿಯಮ್ ಮತ್ತು ಫ್ರಾನ್ಸ್‌ಗಳ ಗಡಿಯಲ್ಲಿ ಸುಂಕದ ಅಧಿಕಾರಿಗಳು ಫೆಸ್ಟಿನಾ ತಂಡದ ಪರಿಚಾರಕ ವಿಲ್ಲಿ ವೋಟನ ಕಾರನ್ನು ತಡೆದು ನೋಡಿದಾಗ, ರಕ್ತದಲ್ಲಿ ಕೆಂಪುಕಣಗಳನ್ನು ವೃದ್ಧಿಗೊಳಿಸುವ ಇಪಿಒ ಮೊದಲಾದ ಮದ್ದುಗಳ ರಾಶಿಯೇ ದೊರಕಿತು. ಆ ತಂಡದ ನಾಯಕ ರಿಚರ್ಡ್ ವಿರಾಂಕ್ ಫ್ರೆಂಚ್ ಜನತೆಯ ಮುದ್ದಿನ ಮಗ. ತಂಡವನ್ನು ಸ್ಪರ್ಧೆಯಿಂದ ಹೊರಗಟ್ಟಿದ ದಿನ ಎಲ್ಲರೆದುರು ಕಣ್ಣೀರು ಸುರಿಸಿದವನು. ಎರಡು ವರ್ಷಗಳ ಕಾಲ ತಾನು ನಿರ್ದೋಷಿಯೆಂದು ಸಾರುತ್ತಲೇ ಇದ್ದು, 2000ದ ಅಕ್ಟೋಬರಿನಲ್ಲಿ ಲೀಲ್ ನಗರದ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡವನು. ಆ ಕಣ್ಣೀರನ್ನು ಕಂಡು ಅವನ ಮುಖದಲ್ಲಿ ಸತ್ಯವನ್ನು ಓದಿದವರು ಲಕ್ಷಾಂತರ ಮಂದಿ. ಲ್ಯಾನ್ಸ್ ಆರ್ಮ್‌ಸ್ಟ್ರಾಂಗನ ವಿಷಯದಲ್ಲಿಯಾದರೋ ಶೀಲವೆಂಬುದು ಕವಚವೇ ಆಗಿಬಿಟ್ಟಿತು. ಕ್ಯಾನ್ಸರನ್ನು ಗೆದ್ದು ಬಂದು, 1999ರಿಂದ 2005ರವರೆಗೆ ಏಳು ಸಲ ಟೂರನ್ನು ಗೆದ್ದು, ರೋಗಿಗಳಿಗಾಗಿ ಕೋಟ್ಯಂತರ ಹಣವನ್ನು ಕೂಡಿಸಿದ ಪುರುಷನನ್ನು ಶಂಕಿಸುವುದೇ ಪಾಪವೆಂದು ಜಗತ್ತು ಭಾವಿಸಿತು. ಅವನ ಹಳದಿಯ ಕೈಪಟ್ಟಿಯನ್ನು ಜಯನಗರ, ಬನಶಂಕರಿಗಳ ಎಳೆಯರ ಮಣಿಕಟ್ಟಿನಲ್ಲಿಯೂ ನಾನು ಕಂಡಿದ್ದೆ. ಆ ಕವಚವನ್ನು ಭೇದಿಸಿದ್ದು 2012ರಲ್ಲಿ ಅಮೆರಿಕದ ಉದ್ದೀಪನ ಮದ್ದು ತಡೆ ಸಂಸ್ಥೆಯ ಮುಂದೆ ನುಡಿದ 26 ಮಂದಿಯ ಸಾಕ್ಷ್ಯ; ಅವರಲ್ಲಿ 11 ಮಂದಿ ಅವನೊಡನೆ ಒಂದೇ ತಂಡದಲ್ಲಿ ಸವಾರಿ ಮಾಡಿದವರು.

ಶೀಲವನ್ನು ನಂಬಿ ಮೋಸಹೋದ ಅದೇ ಜನ, ಮುಂದೆ ಮುಖ ಹಿಡಿಸದವನನ್ನು ಕಂಡಾಗ ಮಾಡಿದ್ದೇನು? ಕ್ರಿಸ್ ಫ್ರೂಮ್ ಮಿತಭಾಷಿ. ಸೈಕಲ್ಲಿನ ಮೇಲೆ ಮೊಣಕೈಗಳನ್ನು ಚಾಚಿ ತಲೆ ತಗ್ಗಿಸಿ ತುಳಿಯುವ ಅವನ ಭಂಗಿಯಲ್ಲಿ ಸೊಗಸಿಲ್ಲ. ಅವನ ಸ್ಕೈ ತಂಡವೋ ಯಂತ್ರದಂತೆ ಗೆಲ್ಲುತ್ತಿದ್ದ ತಂಡ. 2015ರ ಟೂರಿನಲ್ಲಿ ದಾರಿಯ ಬದಿಯಲ್ಲಿ ನಿಂತಿದ್ದ ಒಬ್ಬ ಪ್ರೇಕ್ಷಕನು ಅವನನ್ನು ಮದ್ದುಗಾರನೆಂದು ಕೂಗಿ ಮೂತ್ರವನ್ನು ಎರಚಿದನು. ಮುಂದೆ 2017ರಲ್ಲಿ ಉಬ್ಬಸದ ಔಷಧವೊಂದು ಅವನ ಮೂತ್ರದಲ್ಲಿ ಮಿತಿಮೀರಿ ಕಂಡುಬಂದುದು ನಿಜ. ವಿಚಾರಣೆ ನಡೆದು 2018ರ ಜುಲೈಯಲ್ಲಿ ಆ ಪ್ರಕರಣವು ಶಿಕ್ಷೆಯಿಲ್ಲದೆ ಮುಗಿದುದೂ ಅಷ್ಟೇ ನಿಜ. ಈ ತೀರ್ಪು ತಪ್ಪೆನ್ನುವವರು ಅದರ ಕಾರಣಗಳನ್ನು ಪ್ರಶ್ನಿಸಲಿ. ಅದು ನ್ಯಾಯವಾದ ಹಕ್ಕು. ಆದರೆ ಮೂತ್ರವನ್ನು ಎರಚಿದವನ ಕೈಯಲ್ಲಿ ಯಾವ ಕಾರಣವಿತ್ತು? ಅವನಿಗೆ ಆ ಮುಖ ಹಿಡಿಸಿರಲಿಲ್ಲ, ಆ ಗೆಲುವು ಸಹನೆಯಾಗಿರಲಿಲ್ಲ; ಇದಕ್ಕಿಂತ ಹೆಚ್ಚಿನದೇನೂ ಇರಲಿಲ್ಲ.

ಇನ್ನು ಎರಡನೆಯ ಮಾತು, ಅತಿಯಾದ ಗೆಲುವೇ ಅಪರಾಧದ ಗುರುತೆಂಬುದು. ನಮ್ಮ ನ್ಯಾಯಶಾಸ್ತ್ರವನ್ನು ಓದತೊಡಗುವ ಬಾಲಕನಿಗೂ ಪರ್ವತದ ಮೇಲಿನ ಹೊಗೆಯ ದೃಷ್ಟಾಂತವು ಪರಿಚಿತ: ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸಬಹುದು, ಏಕೆಂದರೆ ಹೊಗೆಯಿದ್ದಲ್ಲೆಲ್ಲ ಬೆಂಕಿಯಿರುವುದೆಂಬ ವ್ಯಾಪ್ತಿಯು ಸಿದ್ಧವಾಗಿದೆ. ಆದರೆ ದೂರದ ಮಂಜನ್ನೋ ಧೂಳನ್ನೋ ಹೊಗೆಯೆಂದು ಭ್ರಮಿಸಿದವನ ಅನುಮಾನವು ಬಿದ್ದುಹೋಗುತ್ತದೆ. ಆಲ್ಪ್ಸ್ ಮತ್ತು ಪಿರನೀಸ್ ಪರ್ವತಗಳ ಮೇಲೆ ನಮ್ಮ ತರುಣರು ಕಾಣುವ ಗೆಲುವು ಹೊಗೆಯೋ, ಮಂಜೋ? 2012ರಿಂದ 2019ರವರೆಗಿನ ಎಂಟು ಟೂರುಗಳಲ್ಲಿ ಏಳನ್ನು ಒಂದೇ ತಂಡದ ಸವಾರರು ಗೆದ್ದರು. 2023ರಲ್ಲಿ ಇಟಲಿ, ಫ್ರಾನ್ಸ್, ಸ್ಪೇನುಗಳ ಮೂರು ಮಹಾಸ್ಪರ್ಧೆಗಳನ್ನು ಯುಂಬೊ-ವಿಸ್ಮ ತಂಡದ ಮೂವರು ಬೇರೆಬೇರೆ ಸವಾರರು ಹಂಚಿಕೊಂಡರು. 2024ರಲ್ಲಿ ತದೇ ಪೊಗಾಚಾರ್ ಇಟಲಿಯ ಜಿರೋವನ್ನೂ ಟೂರನ್ನೂ ವಿಶ್ವ ಚಾಂಪಿಯನ್ ಪಟ್ಟವನ್ನೂ ಒಂದೇ ವರ್ಷದಲ್ಲಿ ಗಳಿಸಿ, ಮರುವರ್ಷ ತನ್ನ ನಾಲ್ಕನೆಯ ಟೂರನ್ನು ಗೆದ್ದನು. ಇಂತಪ್ಪ ಏಕಸ್ವಾಮ್ಯಕ್ಕೆ ಕಾರಣಗಳು ಹಲವು. ಒಳ್ಳೆಯ ಸವಾರರನ್ನೆಲ್ಲ ಒಂದೇ ತಂಡವು ಹಣದಿಂದ ಸೆಳೆದುಕೊಂಡು, ಇತರ ತಂಡಗಳಲ್ಲಿ ನಾಯಕರಾಗಬಲ್ಲವರನ್ನು ತನ್ನಲ್ಲಿ ಸಹಾಯಕರನ್ನಾಗಿ ಇರಿಸಿಕೊಳ್ಳಬಲ್ಲುದು. ಎತ್ತರದ ಗಿರಿಶಿಬಿರಗಳು, ಗಾಳಿಸುರಂಗದ ಪ್ರಯೋಗಗಳು, ಗಂಟೆಗೆ ನೂರು ಗ್ರಾಮಿಗೂ ಮೀರಿ ಶರ್ಕರವನ್ನು ಅರಗಿಸಿಕೊಳ್ಳುವ ಅಭ್ಯಾಸ, ಇವೆಲ್ಲವೂ ಧನಬಲವುಳ್ಳ ತಂಡಕ್ಕೆ ಸುಲಭ. ಹಣದ ಈ ಅಸಮಾನತೆಯನ್ನು ಆಕ್ಷೇಪಿಸುವುದಾದರೆ ನಾನೂ ದನಿಗೂಡಿಸುತ್ತೇನೆ. ಆದರೆ ಅಸಮಾನತೆಯೇ ಬೇರೆ, ಕಳ್ಳತನವೇ ಬೇರೆ.

ಪ್ರತಿವಾದಿಯ ಬಲವಾದ ಮಾತನ್ನು ನಾನು ಮರೆಮಾಚಲಾರೆ. 2024ರ ಜುಲೈಯಲ್ಲಿ ಪ್ಲಾತೋ ದ ಬೇಯ್ ಏರಿನ ಮೇಲೆ ಪೊಗಾಚಾರ್ 1998ರ ಮಾರ್ಕೊ ಪಂತಾನಿಯ ಕಾಲಾವಧಿಯನ್ನು ಮೂರು ನಿಮಿಷಗಳಿಗೂ ಹೆಚ್ಚಾಗಿ ತಗ್ಗಿಸಿದನು. ಪಂತಾನಿಯಾದರೋ ಮರುವರ್ಷವೇ, ರಕ್ತದಲ್ಲಿ ಕೆಂಪುಕಣಗಳ ಪ್ರಮಾಣವು ನಿಯಮದ 50 ಪ್ರತಿಶತವನ್ನು ಮೀರಿದುದರಿಂದ, ಜಿರೋ ಸ್ಪರ್ಧೆಯಿಂದ ಹೊರಹಾಕಲ್ಪಟ್ಟವನು. ಮದ್ದಿನ ಯುಗದ ಸವಾರನನ್ನು ಮದ್ದಿಲ್ಲದವನು ಹಿಂದಿಕ್ಕುವುದು ಹೇಗೆ ಎಂಬ ಪ್ರಶ್ನೆಯನ್ನು ಕೇಳುವವನು ದ್ವೇಷಿಯಲ್ಲ, ಇತಿಹಾಸವನ್ನು ಬಲ್ಲವನು. ಕೇಳಲಿ, ಗಟ್ಟಿಯಾಗಿಯೇ ಕೇಳಲಿ. ಪ್ರಶ್ನೆಯು ಪರೀಕ್ಷೆಯ ಬಾಗಿಲನ್ನು ತಟ್ಟುವುದಕ್ಕೆ ಹೊರಡುವವರೆಗೆ ಅದು ಧರ್ಮ. ದಾರಿಯಲ್ಲೇ ಕುಳಿತು ತಾನೇ ತೀರ್ಪಾಗಿಬಿಟ್ಟರೆ ಅದು ಅಪಚಾರ. ತಂಡಗಳು ರಕ್ತವನ್ನು ಅಳೆಯಲು ಇಂಗಾಲದ ಮಾನಾಕ್ಸೈಡನ್ನು ಉಸಿರಾಡಿಸುತ್ತಿದ್ದ ಸಂಗತಿ ಆ ಬೇಸಗೆಯಲ್ಲಿಯೇ ಬೆಳಕಿಗೆ ಬಂದಾಗ, ಪ್ರಶ್ನೆಗಳು ಸರಿಯಾದ ಬಾಗಿಲನ್ನು ತಟ್ಟಿದವು. ಮರುವರ್ಷದ ಫೆಬ್ರವರಿಯಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು ಅದರ ದುರುಪಯೋಗಕ್ಕೆ ತಡೆಹಾಕಿತು.

ನಮ್ಮ ಶಾಸ್ತ್ರಕಾರರು ಪ್ರಮಾಣಗಳನ್ನು ವಿಂಗಡಿಸಿದ ಬಗೆಯಲ್ಲಿಯೇ ಈ ಕ್ರೀಡೆಯ ಪ್ರಮಾಣಗಳನ್ನೂ ವಿಂಗಡಿಸಬಹುದು. ಪ್ರಯೋಗಶಾಲೆಯಲ್ಲಿ ಕಾಣುವ ಮದ್ದಿನ ಅಂಶವು ಪ್ರತ್ಯಕ್ಷ. 2008ರಲ್ಲಿ ಆರಂಭವಾದ ಜೈವಿಕ ಪಾಸ್‌ಪೋರ್ಟ್ ಅನುಮಾನ. ಒಬ್ಬ ಸವಾರನ ರಕ್ತವನ್ನು ವರ್ಷಗಟ್ಟಲೆ ಅಳೆದು, ಅವನದೇ ದೇಹದ ಸ್ವಭಾವಕ್ಕೆ ಹೊಂದದ ಏರಿಳಿತವನ್ನು ಕಂಡಾಗ ಮಾತ್ರ ಶಂಕಿಸುವ ಅದು ವ್ಯಾಪ್ತಿಯನ್ನು ಸಿದ್ಧಮಾಡಿಕೊಂಡ ಅನುಮಾನ. ಒಳಗಿದ್ದು ಕಂಡವರ ಸಾಕ್ಷ್ಯವು ಶಬ್ದ, ಎಂದರೆ ಬಲ್ಲವರ ನುಡಿ. ನೂರಾರು ಪರೀಕ್ಷೆಗಳಲ್ಲಿ ತಾನು ಸಿಕ್ಕಿಬಿದ್ದಿಲ್ಲವೆಂಬುದೇ ಆರ್ಮ್‌ಸ್ಟ್ರಾಂಗನ ನಿತ್ಯದ ವಾದವಾಗಿತ್ತಾದುದರಿಂದ, ಪ್ರತ್ಯಕ್ಷವೊಂದೇ ಸಾಲದೆಂಬುದೂ ಸ್ಪಷ್ಟ. ಆದರೆ ಶಬ್ದಪ್ರಮಾಣವನ್ನು ನುಡಿಯಬಲ್ಲವರಿಗೆ ನಾವು ಎಂತಹ ಮರ್ಯಾದೆಯನ್ನು ಕೊಟ್ಟೆವು? ಫ್ರಾನ್ಸಿನ ಕ್ರಿಸ್ತೋಫ್ ಬಾಸೋ ಮದ್ದನ್ನು ಮುಟ್ಟದೆ ಸವಾರಿ ಮಾಡಿ, 1999ರ ಟೂರಿನ ನಡುವೆ ಪತ್ರಿಕೆಯಲ್ಲಿ ಸತ್ಯವನ್ನು ಬರೆದುದಕ್ಕಾಗಿ ಸಹಸವಾರರಿಂದಲೇ ದೂರೀಕೃತನಾಗಿ, ಆ ಸ್ಪರ್ಧೆಯನ್ನೇ ತೊರೆಯಬೇಕಾಯಿತು. ಆ ದಿನ ಅಭಿಮಾನಿಗಳು ಅವನ ಪರವಾಗಿ ನಿಂತಿದ್ದರೆ ಜಗತ್ತು ಸತ್ಯಕ್ಕಾಗಿ ಹದಿಮೂರು ವರ್ಷ ಕಾಯಬೇಕಾಗಿರಲಿಲ್ಲ. ಆದರೆ ಅವರು ಆರ್ಮ್‌ಸ್ಟ್ರಾಂಗನ ಮುಖವನ್ನು ನೋಡುತ್ತಿದ್ದರು.

ಇಷ್ಟನ್ನು ಹೇಳಿದ ಮೇಲೆ ನಮ್ಮ ನಾಡಿಗೆ ಬರೋಣ. ನನ್ನ ಮನಸ್ಸು ನೋಯುವುದು ಇಲ್ಲಿಯೇ. ಉಡುಪಿ ಜಿಲ್ಲೆಯ ಸಿದ್ದಾಪುರದ ಬಳಿಯ ಜನ್ಸಾಲೆಯಿಂದ ಬಂದ ಅಶ್ವಿನಿ ಅಕ್ಕುಂಜೆ 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡೆಯ ರಿಲೇಯಲ್ಲಿಯೂ, ಗ್ವಾಂಗ್‌ಝೌ ಏಷ್ಯನ್ ಕ್ರೀಡೆಯ ರಿಲೇ ಮತ್ತು 400 ಮೀಟರ್ ಹರ್ಡಲ್ಸ್ ಓಟಗಳಲ್ಲಿಯೂ ಚಿನ್ನವನ್ನು ಗಳಿಸಿದಾಗ ನಾವು ಆಕೆಯ ಮುಖದಲ್ಲಿ ಹಳ್ಳಿಯ ಮುಗ್ಧತೆಯನ್ನು ಕಂಡೆವು; ಮರುವರ್ಷ ಆಕೆಯೂ ಜೊತೆಯ ಓಟಗಾರ್ತಿಯರೂ ಸ್ಟೆರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಾಗ, ಯಾವ ಪರೀಕ್ಷೆಯೂ ಅಳಿಸಿಹಾಕದ ಹಿಂದಿನ ಗೆಲುವುಗಳನ್ನೂ ನಮ್ಮ ಮಾತುಗಳಿಂದಲೇ ಅಳಿಸಿಹಾಕಿದೆವು. ಶಿಬಿರದ ತರಬೇತುದಾರ ಯೂರಿ ಒಗೊರೊದ್ನಿಕ್ ಕೊಟ್ಟ ಜಿನ್ಸೆಂಗ್ ಗುಳಿಗೆಗಳೇ ಕಾರಣವೆಂದು ಆ ಹೆಣ್ಣುಮಕ್ಕಳು ಹೇಳಿದರು. ಅವನನ್ನು ಕೆಲಸದಿಂದ ತೆಗೆಯಲಾಯಿತು. ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಘಟಕದ (ನಾಡಾ) ಸಮಿತಿಯು ವಿಧಿಸಿದ ಒಂದು ವರ್ಷದ ನಿಷೇಧವನ್ನು 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಯು ಎರಡು ವರ್ಷಕ್ಕೆ ಏರಿಸಿತು. ತನ್ನ ದೇಹದೊಳಕ್ಕೆ ಹೋದುದಕ್ಕೆ ಕ್ರೀಡಾಪಟುವೇ ಹೊಣೆಯೆಂಬ ನಿಯಮವು ಕಠಿಣವಾದರೂ ಅವಶ್ಯಕವೆಂದೇ ನಾನು ಬಲ್ಲೆ. ಆದರೆ ಗುಳಿಗೆಗಳು ಶಿಬಿರದೊಳಕ್ಕೆ ಬಂದ ದಾರಿ ಯಾವುದು, ಅವನ್ನು ಪರೀಕ್ಷಿಸಬೇಕಾದವರು ಯಾರು ಎಂಬ ಪ್ರಶ್ನೆಗಳನ್ನು ಆ ಮಗಳ ಶೀಲವನ್ನು ಕುರಿತ ಹರಟೆಯ ಕಾಲುಭಾಗದಷ್ಟು ಹುರುಪಿನಿಂದಲಾದರೂ ನಾವು ಕೇಳಿದೆವೇ?

ಕೇಳದಿದ್ದುದರ ಫಲವು ಅಂಕಿಗಳಲ್ಲಿದೆ. ವಿಶ್ವ ಉದ್ದೀಪನ ಮದ್ದು ತಡೆ ಘಟಕದ ಲೆಕ್ಕದಂತೆ 2023ರಲ್ಲಿ ಭಾರತದ 5,606 ಮಾದರಿಗಳಲ್ಲಿ 213 ದೋಷಪೂರಿತವಾಗಿ ಕಂಡವು; ಪ್ರತಿಶತ 3.8ರಷ್ಟಾಗುವ ಈ ಪ್ರಮಾಣವು ಹೆಚ್ಚು ಪರೀಕ್ಷೆ ನಡೆಸುವ ದೇಶಗಳ ನಡುವೆ ನಮಗೆ ನಾಚಿಕೆಯ ಅಗ್ರಸ್ಥಾನವನ್ನು ತಂದಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ದೆಹಲಿಯ ರಾಜ್ಯಮಟ್ಟದ ಕೂಟವೊಂದಕ್ಕೆ ಪರೀಕ್ಷಕರು ಬಂದರೆಂಬ ಸುದ್ದಿ ಹಬ್ಬಿದೊಡನೆ, ನೂರು ಮೀಟರ್ ಓಟದ ಅಂತಿಮ ಸ್ಪರ್ಧೆಯಲ್ಲಿ ಓಡಲು ಉಳಿದವನು ಒಬ್ಬನೇ. ಈ ಮಕ್ಕಳೆಲ್ಲ ದುಶ್ಶೀಲರೇ? ಒಂದು ರಾಜ್ಯಪದಕದಿಂದ ಕಾಲೇಜಿನ ಸೀಟು, ಒಂದು ರಾಷ್ಟ್ರಪದಕದಿಂದ ರೈಲ್ವೆಯಲ್ಲಿಯೋ ಪೊಲೀಸ್ ಇಲಾಖೆಯಲ್ಲಿಯೋ ಕೆಲಸ ಸಿಕ್ಕಿ ಇಡೀ ಸಂಸಾರವು ದಡ ಸೇರುವ ದೇಶದಲ್ಲಿ, ಹದಿನೇಳರ ಹುಡುಗನ ಕೈಗೆ ಸಿರಿಂಜನ್ನು ಕೊಡುವ ವಯಸ್ಕನೊಬ್ಬನು ಎಲ್ಲಿಯೋ ಇದ್ದೇ ಇರುತ್ತಾನೆ. ನಮ್ಮ ಚರ್ಚೆಯು ಹುಡುಗನ ಮುಖದ ಮೇಲೆಯೇ ನಿಂತಿರುವಷ್ಟು ಕಾಲವೂ ಆ ವಯಸ್ಕನು ಕ್ಷೇಮವಾಗಿರುತ್ತಾನೆ.

ಆದಕಾರಣ, ದರ್ಶಿನಿಯ ನನ್ನ ತರುಣ ಮಿತ್ರರಿಗೆ ನನ್ನ ಬೇಡಿಕೆ ಇದು. ನಿಮ್ಮ ಶಂಕೆಯನ್ನು ಬಿಡಬೇಡಿ. ಅದಕ್ಕೊಂದು ಕೆಲಸವನ್ನು ಕೊಡಿ. ಸೈಕಲ್ ಶರ್ಯತ್ತಿನ ಪರಂಪರೆಯುಳ್ಳ, ವೆಲೊಡ್ರೋಮ್ ಎಂಬ ಸೈಕಲ್ ಓಟದ ಅಂಕಣಕ್ಕಾಗಿ ವರ್ಷಗಟ್ಟಲೆ ಕಾದ ವಿಜಯಪುರದ ಸೀಮೆಯ ರಾಜ್ಯಮಟ್ಟದ ಸ್ಪರ್ಧೆಗಳಲ್ಲಿ ಎಷ್ಟು ಮಂದಿಯ ಪರೀಕ್ಷೆಯಾಗುತ್ತದೆ, ಸ್ಪರ್ಧೆಯಿಲ್ಲದ ತಿಂಗಳುಗಳಲ್ಲಿ ಎಷ್ಟಾಗುತ್ತದೆ ಎಂದು ಕ್ರೀಡಾ ಇಲಾಖೆಯನ್ನೂ ಸೈಕ್ಲಿಂಗ್ ಸಂಸ್ಥೆಯನ್ನೂ ಕೇಳಿ. ತೀರ್ಪು ಹೊರಬಂದಾಗ ಅದರ ಕಾರಣಗಳೆಲ್ಲವೂ ಪ್ರಕಟವಾಗಲೆಂದು ಕೇಳಿ. ಹುಡುಗನು ಸಿಕ್ಕಿಬಿದ್ದಾಗ ತರಬೇತುದಾರನನ್ನೂ ವೈದ್ಯನನ್ನೂ ಮದ್ದು ಮಾರಿದವನನ್ನೂ ವಿಚಾರಿಸುವುದು ಕಡ್ಡಾಯವಾಗಲೆಂದೂ, ಒಳಗಿನ ಸತ್ಯವನ್ನು ಹೇಳಿದವನಿಗೆ ವಸತಿನಿಲಯದ ಅನ್ನವು ತಪ್ಪದಿರಲೆಂದೂ ಕೇಳಿ. 2022ರಲ್ಲಿ ಸಂಸತ್ತು ಉದ್ದೀಪನ ಮದ್ದು ತಡೆಗೆ ಕಾನೂನನ್ನೇ ಮಾಡಿದೆ. ಕೇಳುವ ಜನರಿಲ್ಲದಿದ್ದರೆ ಆ ಕಾನೂನು ಕಾಗದದಲ್ಲಿಯೇ ಉಳಿದೀತು.

ಕಳೆದ ಭಾನುವಾರ ಆ ಗುಂಪಿನಲ್ಲಿ ಉತ್ತರ ಕರ್ನಾಟಕದಿಂದ ಓದಲು ಬಂದ ಹುಡುಗನೊಬ್ಬನು ಹೊಸದಾಗಿ ಸೇರಿದ್ದನು. ಹಳೆಯ ಸೈಕಲ್ಲಿನಲ್ಲಿಯೇ ಎಲ್ಲರಿಗಿಂತ ಹತ್ತು ನಿಮಿಷ ಮೊದಲು ಹಿಂದಿರುಗಿ, ಲೋಟ ಹಿಡಿದು, ಮಾತನಾಡದೆ ನಿಂತಿದ್ದನು. ಹಿಂದೆ ಬಂದವರಲ್ಲೊಬ್ಬನು ನಗುತ್ತಲೇ "ಏನು ತಗೋತೀಯಪ್ಪಾ?" ಎಂದನು. ಹುಡುಗನು ತಿಂಡಿಯ ಮಾತೆಂದು ತಿಳಿದು "ಇಡ್ಲಿ" ಎಂದನು, ಎಲ್ಲರೂ ನಕ್ಕರು, ಅರ್ಥವು ತಿಳಿದ ಮರುಕ್ಷಣವೇ ಅವನ ಮುಖವು ಕಂದಿತು. ಅವನಿಗೆ ಎರಡು ಹಕ್ಕುಗಳಿವೆಯೆಂದು ನನಗೆ ಆಗ ತೋರಿತು: ನಾಳೆ ಸ್ಪರ್ಧೆಯಲ್ಲಿ ತನ್ನನ್ನು ಸೋಲಿಸಿದವನ ರಕ್ತವನ್ನು ಬಲ್ಲವರು ಪರೀಕ್ಷಿಸಿದ್ದಾರೆಂಬ ಭರವಸೆ ಒಂದು; ತಾನೇ ಗೆದ್ದಾಗ, ಪರೀಕ್ಷೆಯು ನುಡಿಯುವ ಮೊದಲು ತನ್ನನ್ನು ಯಾರೂ ಕಳ್ಳನೆನ್ನಕೂಡದೆಂಬುದು ಇನ್ನೊಂದು. ಈ ಎರಡರಲ್ಲಿ ಒಂದನ್ನೂ ನಾವು ಇನ್ನೂ ಅವನಿಗೆ ಕೊಟ್ಟಿಲ್ಲ.