ಹೆದ್ದಾರಿಯ ನಕ್ಷೆಯಲ್ಲಿ ಹೊಲದ ದಾರಿಯೂ ಇರಲಿ



ಪುಣೆ–ಬೆಂಗಳೂರು ರಸ್ತೆಯನ್ನು ನಾವೆಲ್ಲ ಪಿ.ಬಿ. ರಸ್ತೆ ಎಂದೇ ಕರೆಯುತ್ತ ಬಂದಿದ್ದೇವೆ. ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ಹಾವೇರಿ, ದಾವಣಗೆರೆ, ಚಿತ್ರದುರ್ಗಗಳನ್ನು ಹಾಯ್ದು ಹೋಗುವ ಈ ರಸ್ತೆ ನಮ್ಮ ಹತ್ತಿ, ಶೇಂಗಾ, ಮೆಣಸಿನಕಾಯಿ, ಗೋವಿನಜೋಳಗಳನ್ನು ಪೇಟೆಗೆ ಮುಟ್ಟಿಸುವ ದಾರಿ. ಮೊದಲು ಇದು 4ನೆಯ ರಾಷ್ಟ್ರೀಯ ಹೆದ್ದಾರಿಯಾಗಿತ್ತು, ಈಗ 48ನೆಯದು. ಹೆದ್ದಾರಿ ಎರಡೂ ಕಡೆ ಅಗಲವಾದರೂ ಧಾರವಾಡದ ಬಳಿಯ ನರೇಂದ್ರದಿಂದ ಹುಬ್ಬಳ್ಳಿಯ ಬಳಿಯ ಗಬ್ಬೂರಿನವರೆಗಿನ ಸುಮಾರು 30 ಕಿ.ಮೀ. ಬೈಪಾಸ್ ಮಾತ್ರ ಅನೇಕ ವರ್ಷ ಎರಡೇ ಪಥದ್ದಾಗಿ ಉಳಿಯಿತು. ದೊಡ್ಡ ಕಾಲುವೆಯ ನಡುವೆ ಸಣ್ಣ ಕೊಳವೆ ಇಟ್ಟರೆ ಏನಾಗುವುದೋ ಇಲ್ಲಿಯೂ ಅದೇ ಆಯಿತು. 2021ರ ಜನವರಿ 15ರಂದು ಇಟಿಗಟ್ಟಿಯ ಬಳಿ ನಡೆದ ಅಪಘಾತದಲ್ಲಿ ದಾವಣಗೆರೆಯಿಂದ ಗೋವೆಗೆ ಹೊರಟಿದ್ದ ಹತ್ತಕ್ಕೂ ಹೆಚ್ಚು ಜನ, ಬಹುಪಾಲು ಹೆಣ್ಣುಮಕ್ಕಳು, ಪ್ರಾಣ ಕಳೆದುಕೊಂಡರು. 2022ರ ಫೆಬ್ರವರಿಯಲ್ಲಿ ಈ ಭಾಗವನ್ನು ಆರು ಪಥಕ್ಕೆ ಅಗಲಿಸುವ ಕಾಮಗಾರಿಗೆ ಶಂಕುಸ್ಥಾಪನೆಯಾಯಿತು.

ರಸ್ತೆ ಅಗಲವಾಗಲೇಬೇಕು. ಈ ಬಗ್ಗೆ ಎರಡು ಮಾತಿಲ್ಲ. ಆದರೆ ಹೆದ್ದಾರಿಯ ನಕ್ಷೆ ಬರೆಯುವವರ ಕಣ್ಣಿಗೆ ಉದ್ದಕ್ಕೆ ಓಡುವ ವಾಹನ ಕಾಣುವಷ್ಟು ಸುಲಭವಾಗಿ, ಅಡ್ಡ ಹಾಯುವ ಚಕ್ಕಡಿ, ಟ್ರ್ಯಾಕ್ಟರ್, ದನಕರು ಮತ್ತು ಮಳೆಯ ನೀರು ಕಾಣುವುದಿಲ್ಲ. ಅವುಗಳನ್ನು ತೋರಿಸಿಕೊಡುವ ಹೊಣೆ ನಮ್ಮದು. ಅದನ್ನು ಡಾಂಬರು ಬಿದ್ದ ಮೇಲೆ ಅಲ್ಲ, ನಕ್ಷೆ ಸಿದ್ಧವಾಗುವಾಗಲೇ ಮಾಡಬೇಕೆಂಬುದು ಈ ಲೇಖನದ ಆಶಯ.

ಮೊದಲು ನೀರಿನ ದಾರಿ

ಹೆದ್ದಾರಿಯನ್ನು ಅಗಲಿಸುವಾಗ ಅನೇಕ ಕಡೆ ಎತ್ತರಿಸುತ್ತಾರೆ. ಇಳಿಜಾರಿಗೆ ಅಡ್ಡವಾಗಿ ಬಂದ ಅಂಥ ದಿಬ್ಬ ಕೆರೆಯ ಏರಿಯಂತೆಯೇ ಕೆಲಸ ಮಾಡುತ್ತದೆ. ಲೆಕ್ಕ ಹಾಕಿ ನೋಡಿರಿ. ಒಂದು ಎಕರೆಯ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಸುಮಾರು 2 ಲಕ್ಷ ಲೀಟರ್ ನೀರಾಗುತ್ತದೆ. ರಸ್ತೆಯ ಮೇಲ್ಭಾಗದಲ್ಲಿ 100 ಎಕರೆ ಹೊಲವಿದ್ದು, ಬಿದ್ದ ಮಳೆಯಲ್ಲಿ ಅರ್ಧ ಹರಿದು ಬಂದರೂ ಒಂದು ಕೋಟಿ ಲೀಟರ್ ನೀರಿಗೆ ದಾರಿ ಬೇಕು. ಒಮ್ಮೆ ನೆನೆದ ಎರೆಭೂಮಿ ನೀರನ್ನು ಬಹಳ ನಿಧಾನವಾಗಿ ಹೀರಿಕೊಳ್ಳುತ್ತದೆ ಎಂಬುದು ನಿಮಗೆ ಗೊತ್ತಿರುವ ಸಂಗತಿಯೇ.

ಒಂದು ಮುಂಗಾರಿನಲ್ಲಿ ಹೆದ್ದಾರಿ ಪಕ್ಕದ ಹೊಲವೊಂದಕ್ಕೆ ಹೋಗಿದ್ದೆ. ಮೊಣಕಾಲೆತ್ತರದ ಗೋವಿನಜೋಳ ಹಳದಿಯಾಗಿ ನಿಂತಿತ್ತು. ಹೊಲದ ಯಜಮಾನರು, "ಸಾಹೇಬರ, ಇನ್ನೆಷ್ಟು ಯೂರಿಯಾ ಹಾಕಬೇಕ್ರಿ?" ಎಂದು ಕೇಳಿದರು. ನೀರಿನಲ್ಲಿ ಬೇರು ಉಸಿರುಗಟ್ಟಿ ಕುಳಿತಿರುವಾಗ ಯೂರಿಯಾ ಏನು ಮಾಡೀತು? ಬದುವಿನ ಗುಂಟ ನಡೆದು ರಸ್ತೆಯ ಮೋರಿಯ ಹತ್ತಿರ ಹೋಗಿ ನೋಡಿದರೆ, ಮೋರಿಯ ತಳವೇ ಹೊಲಕ್ಕಿಂತ ಮೇಲಿತ್ತು! ನೀರು ಮೊಣಕಾಲುದ್ದ ನಿಂತ ಮೇಲಷ್ಟೇ ಅದು ಹೊರಕ್ಕೆ ಹರಿಯಬೇಕು. ರಸ್ತೆಯ ಆಚೆ ಬದಿಯಲ್ಲಿ ಅದೇ ನೀರು ಒಂದೇ ಕಡೆ ಧುಮುಕಿ ಇನ್ನೊಬ್ಬರ ಹೊಲದಲ್ಲಿ ಕೊರಕಲು ತೆಗೆದಿತ್ತು. ಒಂದು ಮೋರಿಯ ಮಟ್ಟ ತಪ್ಪಿದ್ದರಿಂದ ಇಬ್ಬರ ಬೆಳೆ ಹೋಯಿತು.

ಆದ್ದರಿಂದ ಮೋರಿ ಎಲ್ಲಿ, ಎಷ್ಟು ಅಗಲ, ಯಾವ ಮಟ್ಟದಲ್ಲಿ ಎಂಬುದನ್ನು ಕೇಳಿರಿ. ಮೋರಿಯಿಂದ ಹೊರಬಂದ ನೀರನ್ನು ಹಳ್ಳದವರೆಗೆ ಕಲ್ಲುಕಟ್ಟಡದ ಕಾಲುವೆಯಲ್ಲಿ ಒಯ್ಯುವರೇ ಎಂಬುದನ್ನೂ ಕೇಳಿರಿ. ಇದು ರೈತನಿಗಷ್ಟೇ ಒಳ್ಳೆಯದಲ್ಲ. 2022ರ ಆಗಸ್ಟ್ ಮಳೆಯಲ್ಲಿ ರಾಮನಗರದ ಬಳಿ ಬೆಂಗಳೂರು–ಮೈಸೂರು ಹೆದ್ದಾರಿಯ ಮೇಲೆಯೇ ನೀರು ನಿಂತು ವಾಹನಗಳು ಸಿಕ್ಕಿಬಿದ್ದುದನ್ನು ನೀವು ಕೇಳಿರಬಹುದು. ನೀರಿಗೆ ದಾರಿ ಬಿಡದ ರಸ್ತೆ ತಾನೂ ಉಳಿಯುವುದಿಲ್ಲ.

ಹೊಲಕ್ಕೆ ಹೋಗುವ ದಾರಿ

ಅದೇ ಮೈಸೂರು ರಸ್ತೆಯಿಂದ ಇನ್ನೊಂದು ಪಾಠವಿದೆ. ಸುಮಾರು 118 ಕಿ.ಮೀ. ಉದ್ದದ ಆ ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರ್ ಮತ್ತು ಚಕ್ಕಡಿಗಳಂಥ ಎಂಜಿನ್ ಇಲ್ಲದ ಗಾಡಿಗಳು ಅದರ ಮುಖ್ಯ ಪಥದಲ್ಲಿ ಬರಕೂಡದೆಂದು ನಿಷೇಧಿಸಲಾಯಿತು. ಅತಿ ವೇಗದ ಕಾರಿನ ಮುಂದೆ ಕಬ್ಬಿನ ಟ್ರೇಲರ್ ಇರುವುದು ಇಬ್ಬರಿಗೂ ಅಪಾಯ, ಆದ್ದರಿಂದ ಈ ನಿಷೇಧವನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಮುಖ್ಯ ಪಥ ಮುಚ್ಚಿದ ಮೇಲೆ ರೈತನಿಗೆ ಉಳಿಯುವುದು ಸರ್ವಿಸ್ ರಸ್ತೆಯೊಂದೇ. ಅದು ಎಲ್ಲಿಯೂ ತುಂಡಾಗದೆ ಊರಿನಿಂದ ಊರಿಗೆ, ಹಳ್ಳದ ಮೇಲಿನ ಸೇತುವೆಯೂ ಸೇರಿ, ಮುಂದುವರಿಯಬೇಕು. ಅರ್ಧಕ್ಕೆ ನಿಂತ ಸರ್ವಿಸ್ ರಸ್ತೆ ಟ್ರ್ಯಾಕ್ಟರನ್ನು ಮತ್ತೆ ಹೆದ್ದಾರಿಗೇ ಹತ್ತಿಸುತ್ತದೆ.

ಇನ್ನು ದಾಟುವ ಮಾತು. ನಮ್ಮವರು ಸಾಮಾನ್ಯವಾಗಿ ನಡುವಿನ ವಿಭಜಕವನ್ನು ಒಡೆದು ಕಿಂಡಿ ಬಿಡಬೇಕೆಂದು ಹೋರಾಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇದು ಸಾವನ್ನು ಕೇಳಿ ಪಡೆದಂತೆ. ಕಿಂಡಿಯ ಬದಲು ಅಂಡರ್‌ಪಾಸ್ ಕೇಳಿರಿ. ಮೇವು ಹೇರಿದ ಟ್ರೇಲರ್ ಮತ್ತು ಕಟಾವು ಯಂತ್ರ ಹಾಯುವಷ್ಟು ಅದು ಎತ್ತರವಿರಲಿ, ನೀರು ಹೊರಹೋಗಲು ಚರಂಡಿ ಇರಲಿ. ಮಳೆಗಾಲದಲ್ಲಿ ಹೊಂಡವಾಗುವ ಅಂಡರ್‌ಪಾಸ್ ಇದ್ದೂ ಇಲ್ಲದಂತೆ. ಇದಕ್ಕೆ ಖರ್ಚು ಹೆಚ್ಚು ಎಂದು ಇಂಜಿನಿಯರರು ಹೇಳುವುದು ನಿಜ. ಆದರೆ ರಸ್ತೆ ಕಟ್ಟುವಾಗ ಆಗುವ ಖರ್ಚಿಗಿಂತ, ಓಡುವ ರಸ್ತೆಯನ್ನು ಅಗೆದು ಕಟ್ಟುವ ಖರ್ಚು ಇನ್ನೂ ಹೆಚ್ಚು.

ಮೇಲ್ಮಣ್ಣನ್ನು ಮಾರಬೇಡಿರಿ

ರಸ್ತೆ ಎತ್ತರಿಸಲು ಮಣ್ಣು ಬೇಕು. ಗುತ್ತಿಗೆದಾರರು ಹೊಲದ ಬಾಗಿಲಿಗೇ ಬಂದು ಹಣ ಎಣಿಸುತ್ತಾರೆ. ಒಂದು ಎಕರೆಯಲ್ಲಿ 15 ಸೆಂ.ಮೀ. ಆಳದವರೆಗಿನ ಮಣ್ಣು ಸುಮಾರು 600 ಘನ ಮೀಟರ್, ತೂಕದಲ್ಲಿ ಸುಮಾರು 9 ಲಕ್ಷ ಕಿಲೋ. ನಿಮ್ಮ ಹೊಲದ ಸಾವಯವ ಅಂಶ ಮತ್ತು ಸೂಕ್ಷ್ಮಜೀವಿಗಳ ಬಹುಪಾಲು ಇರುವುದು ಈ ಪದರದಲ್ಲಿಯೇ. ತಲೆಮಾರುಗಳ ತಿಪ್ಪೆಗೊಬ್ಬರ ಕೂಡಿದ ಈ ಮಣ್ಣು ಹೋದರೆ ಯಾವ ಗೊಬ್ಬರದ ಚೀಲವೂ ಅದನ್ನು ತಂದುಕೊಡಲಾರದು. ಕೊಡಲೇಬೇಕಾದರೆ ಮೇಲ್ಮಣ್ಣನ್ನು ಬೇರೆ ತೆಗೆದಿಟ್ಟು, ಕೆಳಗಿನದನ್ನು ಕೊಟ್ಟು, ಮೇಲ್ಮಣ್ಣನ್ನು ಮರಳಿ ಹರಡುವ ಕರಾರನ್ನು ಬರಹದಲ್ಲಿ ಮಾಡಿಕೊಳ್ಳಿರಿ.

ಯಾವಾಗ ಕೇಳಬೇಕು?

ಸರ್ವೆಯವರು ಬಂದು ಕಲ್ಲು ನೆಡುವಾಗಲೇ ಕೇಳಬೇಕು. ರಾಷ್ಟ್ರೀಯ ಹೆದ್ದಾರಿಗೆ ಜಮೀನು ಬೇಕಾದಾಗ 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ 3ಎ ಕಲಮಿನಂತೆ ಅಧಿಸೂಚನೆ ಹೊರಡುತ್ತದೆ. ಅದರ ಸಾರಾಂಶ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಬರಬೇಕು, ಒಂದು ಸ್ಥಳೀಯ ಭಾಷೆಯದಾಗಿರಬೇಕು. ಅಧಿಸೂಚನೆ ಹೊರಟ 21 ದಿನಗಳೊಳಗೆ ಜಮೀನಿನ ಬಗ್ಗೆ ಲಿಖಿತ ಆಕ್ಷೇಪಣೆ ಸಲ್ಲಿಸುವ ಹಕ್ಕು 3ಸಿ ಕಲಮಿನಲ್ಲಿದೆ. 3ಡಿ ಘೋಷಣೆಯಾದ ಮೇಲೆ ಜಮೀನು ಸರ್ಕಾರದ್ದಾಗುತ್ತದೆ. ಮೋರಿ, ಅಂಡರ್‌ಪಾಸ್, ಸರ್ವಿಸ್ ರಸ್ತೆಗಳ ಬೇಡಿಕೆಯನ್ನು ಗ್ರಾಮ ಪಂಚಾಯಿತಿಯ ಠರಾವಿನೊಡನೆ, ಸರ್ವೆ ನಂಬರು ಮತ್ತು ಹಳ್ಳದ ಗುರುತು ಹಾಕಿದ ಕೈನಕ್ಷೆಯೊಡನೆ, ಹೆದ್ದಾರಿ ಯೋಜನಾ ಕಚೇರಿಗೂ ಜಿಲ್ಲಾಧಿಕಾರಿಗಳಿಗೂ ಈ ಹಂತದಲ್ಲಿಯೇ ಕೊಡಿರಿ. ನಮ್ಮಲ್ಲಿ ಎಲ್ಲರ ಗಮನವೂ ಪರಿಹಾರದ ದರದ ಮೇಲೆಯೇ ಇರುತ್ತದೆ. ದರ ಮುಖ್ಯವೇ ಹೌದು. ಆದರೆ ಪರಿಹಾರ ಒಮ್ಮೆ ಬರುತ್ತದೆ, ನೀರು ಪ್ರತಿ ಮಳೆಗೂ ಬರುತ್ತದೆ.

ನಮ್ಮ ಪಾಲಿನ ಕೆಲಸ

ಕೇಳುವವರು ತಮ್ಮ ತಪ್ಪನ್ನೂ ತಿದ್ದಿಕೊಳ್ಳಬೇಕು. ಡಾಂಬರು ರಸ್ತೆಯನ್ನೇ ಕಣ ಮಾಡಿಕೊಂಡು ರಾಶಿ ಹಾಕುವುದರಿಂದ ಎಷ್ಟೋ ದ್ವಿಚಕ್ರ ಸವಾರರು ಜಾರಿ ಬಿದ್ದಿದ್ದಾರೆ. ಕಾಳಿನಲ್ಲಿ ಹರಳು, ಡಾಂಬರು ಸೇರಿ ಬೆಲೆಯೂ ತಗ್ಗುತ್ತದೆ. ಟ್ರೇಲರಿನ ಹಿಂದೆ ಕೆಂಪು ಪ್ರತಿಫಲಕ ಪಟ್ಟಿ ಇಲ್ಲದೆ ರಾತ್ರಿ ಹೊರಡಬೇಡಿರಿ. ಕಬ್ಬಿನ ಹೇರು ಆ ಪಟ್ಟಿಯನ್ನು ಮುಚ್ಚದಂತೆ ನೋಡಿಕೊಳ್ಳಿರಿ. ಕೆಟ್ಟು ನಿಂತ ಟ್ರೇಲರಿಗೆ ಕಲ್ಲು ಇಟ್ಟರೆ, ಹೊರಡುವಾಗ ಆ ಕಲ್ಲನ್ನು ರಸ್ತೆಯಲ್ಲಿ ಬಿಟ್ಟು ಬರಬೇಡಿರಿ. ರಸ್ತೆ ಬದಿಯ ಚರಂಡಿಯನ್ನು ಮುಚ್ಚಿ ಹೊಲಕ್ಕೆ ದಾರಿ ಮಾಡಿಕೊಳ್ಳುವವರು ಅದರ ಕೆಳಗೆ ಕೊಳವೆಯನ್ನಾದರೂ ಹಾಕಿರಿ.

ಇಂದು ಬೈಪಾಸ್, ನಾಳೆ ನಿಮ್ಮೂರಿನ ಜಿಲ್ಲಾ ರಸ್ತೆ. ಯಾವ ರಸ್ತೆ ಅಗಲವಾದರೂ ಅದರ ಎರಡೂ ಬದಿಗೆ ಯಾರದೋ ಹೊಲ ಇದ್ದೇ ಇರುತ್ತದೆ. ಮುಂದಿನ ಮಳೆಯಲ್ಲಿ ಒಂದು ಸಂಜೆ ನಿಮ್ಮ ಹೊಲದ ಬದುವಿನ ಮೇಲೆ ನಿಂತು ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ನೋಡಿ ಗುರುತು ಹಾಕಿಕೊಳ್ಳಿರಿ. ಸರ್ವೆಯವರು ಬಂದ ದಿನ ಆ ಕಾಗದ ನಿಮ್ಮ ಕೈಯಲ್ಲಿರಲಿ.